ಯಾರೂ ಒತ್ತದ ನೂರೈವತ್ತು

"ಇದು ನಿಮ್ಮ ಅಕ್ಷರಾನೇ ತಾನೇ ಅಣ್ಣ?" ಮಿಯೆನ್ ಕೇಳಿದಳು.

ತನ್ನ ಮನೆಯ ಹಜಾರದಲ್ಲಿ ಕೂತಿದ್ದ ಥೀನ್ ಕನ್ನಡಕವನ್ನು ಹಣೆಗೇರಿಸಿ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದ. ನೋಡುವ ಅಗತ್ಯವೇನೂ ಇರಲಿಲ್ಲ. ನೀಲಿ ರಟ್ಟಿನ ಆ ಪುಸ್ತಕದಲ್ಲಿ ಹನ್ನೊಂದು ತಿಂಗಳಿಂದ ಬರೆಯುತ್ತ ಬಂದವನು ಅವನೊಬ್ಬನೇ.

"ನಂದೇ. ಅಲ್ಲಿ ಇನ್ಯಾರಿದ್ರು ಬರಿಯೋಕೆ?"

ಹೋನ್ ಸಾಯ್ ಅಣೆಕಟ್ಟಿನ ನಾಲ್ಕನೇ ಗೇಟು ಹದಿನೈದು ಸೆಂಟಿಮೀಟರ್ ಏಳುವ ಬದಲು ನೂರೈವತ್ತು ಎದ್ದು, ಕೆಳಗೆ ಹಳೇ ಹೊಳೆಯ ಮರಳಲ್ಲಿ ಚಿಪ್ಪುಮೀನು ಹೆಕ್ಕುತ್ತಿದ್ದ ಲಾಯ್ ಎಂಬ ಹೆಂಗಸು ಕೊಚ್ಚಿಹೋಗಿ ಅವತ್ತಿಗೆ ಹದಿಮೂರು ದಿನ. ಗೇಟು ನೋಡಿಕೊಳ್ಳುತ್ತಿದ್ದ ಥೀನ್ ಒಂದು ಸೊನ್ನೆ ಜಾಸ್ತಿ ಒತ್ತಿದ ಎನ್ನುವುದು ತನಿಖಾ ಸಮಿತಿಯ ತೀರ್ಮಾನ. ಪ್ರೋಗ್ರಾಂನಲ್ಲಿ ದೋಷವಿಲ್ಲ ಎಂದು ಮಿಯೆನ್ ಒಂದು ಪುಟ ಬರೆದುಕೊಟ್ಟರೆ ಸೋಮವಾರ ಪೊಲೀಸರು ಬಂದು ಅವನನ್ನು ಕರೆದೊಯ್ಯುತ್ತಾರೆ. ಅವಳನ್ನು ನೇಮಿಸಿದ್ದೇ ಆ ಒಂದು ಪುಟಕ್ಕೆ.

ಇಪ್ಪತ್ತು ವರ್ಷ ಪ್ರೋಗ್ರಾಂ ಬರೆದು, ಕಳೆದ ಒಂಬತ್ತು ವರ್ಷಗಳಿಂದ ಬೇರೆಯವರು ಬರೆದ ಪ್ರೋಗ್ರಾಂಗಳಲ್ಲಿ ಹುಳುಕು ಹುಡುಕಿ ಬದುಕುತ್ತಿದ್ದವಳು ಮಿಯೆನ್. ಐವತ್ತೆರಡು ವರ್ಷ. ಕ್ವಿ ನ್ಯೋನ್ ಪಟ್ಟಣದಲ್ಲಿ ಮಹಡಿ ಮೇಲಿನ ಒಂದು ಬಾಡಿಗೆ ಕೋಣೆ, ಒಂದು ಬೈಕು, ಕೆಲಸವಿದ್ದಾಗ ಮಾತ್ರ ಬಡಿದುಕೊಳ್ಳುವ ಒಂದು ಫೋನು. ಅಣೆಕಟ್ಟಿಗೆ ಬಂದ ಮೊದಲ ದಿನವೇ ಒಂದು ಪುಟ ಬರೆದುಕೊಟ್ಟು ವಾಪಸು ಹೋಗಬಹುದಿತ್ತು. ಥೀನ್ ಮನೆಯ ಮುಂದಿನ ರಸ್ತೆ ಕಂಡು ಅವಳು ನಿಂತುಬಿಟ್ಟಿದ್ದಳು.

ಊರಿನ ಹೆಂಗಸರು ಅಕ್ಕಿ ಹಪ್ಪಳ ಒಣಗಿಸುವ ಬಿದಿರ ತಟ್ಟಿಗಳನ್ನು ವರ್ಷಗಳಿಂದ ಅವನ ಮನೆ ಮುಂದೆಯೇ ಸಾಲಾಗಿ ಇಡುತ್ತಿದ್ದರಂತೆ. ಬಿಸಿಲು ಅಲ್ಲೇ ಚೆನ್ನಾಗಿ ಬೀಳುವುದು. ಈಗ ಆ ಸಾಲು ಅವನ ಬೇಲಿಯ ಈ ತುದಿಗೆ ಬಂದು ನಿಂತು, ಮತ್ತೆ ಆ ತುದಿಯಿಂದ ಶುರುವಾಗುತ್ತಿತ್ತು. ನಡುವೆ ಹದಿನೈದು ಮಾರು ಬರೀ ನೆಲ.

"ಮಾರ್ಚ್ ಒಂಬತ್ತನೇ ತಾರೀಕು ಏನು ಬರ್ದಿದ್ದೀರಿ, ಓದಿ."

ಥೀನ್ ಓದಿದ. ಶಾಲೆಯ ಹುಡುಗನ ಹಾಗೆ, ಒಂದೊಂದೇ ಪದ. "ಎರಡನೇ ಗೇಟು ನಲವತ್ತು. ಪರದೆ ಮೇಲೆ ಎಪ್ಪತ್ತು ಬಂತು. ನಾನು ನಲವತ್ತು ಒತ್ತಿದ್ದೆ ಅನಿಸುತ್ತದೆ. ಕೈ ಬಗ್ಗೆ ಎಚ್ಚರವಾಗಿರಬೇಕು."

"ಜೂನ್ ಇಪ್ಪತ್ತೊಂದು?"

"ಮೂರನೇ ಗೇಟು ಇಪ್ಪತ್ತು. ಮತ್ತೆ ಹಾಗೇ ಆಯಿತು, ಮೂವತ್ತೈದು ತೋರಿಸಿತು. ಸರಿ ಮಾಡಿದೆ. ನನಗೆ ವಯಸ್ಸಾಯಿತು." ಅವನು ಪುಸ್ತಕ ಮುಚ್ಚಿದ. "ಸುಮ್ನೆ ಬರ್ಕೊಂಡಿದ್ದು ತಂಗಿ. ಮಾತಾಡೋಕೆ ಯಾರಿರಲ್ಲ ನೋಡು ಅಲ್ಲಿ."

ಅದು ಅವಳಿಗೆ ಗೊತ್ತಿತ್ತು. ಹಿಂದಿನ ದಿನವೆಲ್ಲ ಕೂತು ಆ ಪುಸ್ತಕ ಪೂರ್ತಿ ಓದಿದ್ದಳು. ಗೇಟಿನ ಸಂಖ್ಯೆ, ಎತ್ತರ, ವೇಳೆ, ಪಕ್ಕದಲ್ಲಿ ಇನ್ನಷ್ಟು. 'ಮಿಂಚುಳ್ಳಿ ಎರಡು ಬಂದವು.' 'ಹೆಂಡತಿ ಹೋಗಿ ಇವತ್ತಿಗೆ ಐದು ವರ್ಷ.' 'ಮಂಗಳವಾರದಿಂದ ಯಾರೂ ಬಂದಿಲ್ಲ.' ಅದಾದ ಐದು ದಿನಕ್ಕೆ, 'ಇವತ್ತೂ ಇಲ್ಲ.'

"ಈ ಎರಡು ಸಲ ಹೀಗಾಗಿದ್ದನ್ನ ಯಾರಿಗಾದ್ರೂ ಹೇಳಿದ್ರಾ?"

"ಹೇಳಿ? ಕೈ ನಡುಗೋ ಮುದುಕ ಬೇಡ ಅಂತ ಮನೆಗೆ ಕಳಿಸ್ತಿದ್ರು." ಥೀನ್ ಗೋಡೆಯ ಕಡೆ ನೋಡಿದ. "ಮನೇಲಿ ಏನಿದೆ?"

ಮಿಯೆನ್ ಪ್ರೋಗ್ರಾಂ ತಾನೇ ದಾಖಲಿಸಿಟ್ಟ ಲಾಗ್‌ನ ಮುದ್ರಿತ ಹಾಳೆಗಳನ್ನು ಪುಸ್ತಕದ ಪಕ್ಕ ಹರಡಿದಳು. ಹನ್ನೊಂದು ತಿಂಗಳಲ್ಲಿ ಆರು ನೂರಕ್ಕೂ ಹೆಚ್ಚು ಆದೇಶಗಳು. ಅವನ ಕೈಬರಹಕ್ಕೂ ಲಾಗ್‌ಗೂ ತಾಳೆಯಾಗದವು ಮೂರೇ ಮೂರು.

"ನಲವತ್ತು ಒತ್ತೋ ಕಡೆ ಸೊನ್ನೆ ಜಾಸ್ತಿಯಾದ್ರೆ ನಾನೂರಾಗ್ಬೇಕು. ಎಪ್ಪತ್ತು ಹೆಂಗಾಯ್ತು? ಇಪ್ಪತ್ತಕ್ಕೆ ಮೂವತ್ತೈದು ಹೆಂಗಾಯ್ತು? ಹದಿನೈದು, ನೂರೈವತ್ತು ಅನ್ನೋದು ನೋಡೋಕೆ ಮಾತ್ರ ಸೊನ್ನೆ ಜಾಸ್ತಿ ಒತ್ತಿದ ಹಾಗೆ ಕಾಣುತ್ತೆ ಅಣ್ಣ. ಅದು ಕಾಕತಾಳೀಯ."

"ಹಂಗಾದ್ರೆ ಏನು?"

ಅವಳು ಸ್ವಲ್ಪ ಯೋಚಿಸಿದಳು. ಈ ಮನುಷ್ಯನಿಗೆ ಯಾರೂ ಇದುವರೆಗೆ ಏನನ್ನೂ ವಿವರಿಸಿ ಹೇಳಿರಲಿಲ್ಲ.

"ಗೇಟು ನಡೆಸೋ ಆ ಪೆಟ್ಟಿಗೇಲಿರೋ ಪ್ರೋಗ್ರಾಂ ಒಂದೇ. ಆದ್ರೆ ಅದ್ರೊಳಗೆ ಥ್ರೆಡ್ ಅಂತ ಹಲವು ಇರ್ತವೆ. ಒಂದೊಂದೂ ತನ್ನ ಪಾಡಿಗೆ ತಾನು, ಎಲ್ಲಾ ಒಟ್ಟಿಗೇ ಓಡ್ತಿರ್ತವೆ. ನೀವು ಒತ್ತಿದ್ದನ್ನ ಒಂದು ಥ್ರೆಡ್ ಮೆಮೊರಿಯಲ್ಲಿ ಬರಿಯುತ್ತೆ. ಮೊದ್ಲು ಯಾವ ಗೇಟು ಅಂತ, ಆಮೇಲೆ ಎಷ್ಟು ಎತ್ತಬೇಕು ಅಂತ. ಇನ್ನೊಂದು ಥ್ರೆಡ್ ಅದನ್ನ ಓದಿ ಮೋಟಾರು ತಿರುಗಿಸುತ್ತೆ."

ಥೀನ್ ಲಾಗ್‌ನ ಹಾಳೆಯನ್ನು ಮತ್ತೆ ನೋಡಿದ. ಆಮೇಲೆ ಕೇಳಿದ, "ಅದು ಬರೀತಿರೋವಾಗ್ಲೇ ಇದು ಓದಿಬಿಟ್ರೆ?"

ಮಿಯೆನ್ ಅವನನ್ನೇ ನೋಡಿದಳು. ಸಮಿತಿಯ ಏಳು ಜನರಲ್ಲಿ ಒಬ್ಬನೂ ಈ ಪ್ರಶ್ನೆ ಕೇಳಿರಲಿಲ್ಲ.

"ಅರ್ಧ ಹೊಸದು, ಅರ್ಧ ಹಳೇದು ಸಿಗುತ್ತೆ. ಹಾಗಾಗ್ಬಾರ್ದು ಅಂತಾನೇ ಅಲ್ಲೊಂದು ಲಾಕ್ ಇಡೋದು. ಲಾಕ್ ಯಾರ ಕೈಲಿದೆಯೋ ಅವರು ಮಾತ್ರ ಮುಟ್ಬೋದು. ಉಳಿದೋರು ಕಾಯ್ಬೇಕು."

"ಲಾಕ್ ಇಟ್ಟಿದ್ರಾ?"

"ಪ್ರೋಗ್ರಾಂ ಮಾಡಿದ ಕಂಪನಿಯೋರು ಸಮಿತಿಗೆ ಕೊಟ್ಟಿರೋ ಕೋಡ್‌ನಲ್ಲಿ ಇದೆ. ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಇದೆ."

"ಹಂಗಾದ್ರೆ ತಪ್ಪು ನಂದೇ," ಎಂದ ಥೀನ್. ಬೇಸರದ ದನಿಯಲ್ಲ. ಕೊನೆಗೂ ಒಂದು ಉತ್ತರ ಸಿಕ್ಕಿತಲ್ಲ ಎಂಬಂತೆ.

ಮಿಯೆನ್ ಹಾಳೆಗಳನ್ನು ಒಟ್ಟುಮಾಡಿದಳು. ಇನ್ನೊಂದು ತೊಡಕೂ ಇತ್ತು. ಅದನ್ನು ಅವನಿಗೆ ಹೇಳಲಿಲ್ಲ. ಅರ್ಧ ಹಳೆಯದು ಸೇರಿಕೊಂಡಿದ್ದರೆ, ಆ ತಪ್ಪು ಸಂಖ್ಯೆ ಹಿಂದಿನ ಆದೇಶದ್ದಾಗಿರಬೇಕು. ಮಾರ್ಚ್ ಒಂಬತ್ತರಂದು ಹಿಂದಿನ ಆದೇಶ ಇಪ್ಪತ್ತೈದು. ಜೂನ್‌ನಲ್ಲಿ ಐವತ್ತು. ಲಾಯ್ ಸತ್ತ ದಿನ ಹಿಂದಿನ ಆದೇಶ ಮೂವತ್ತು. ಎಪ್ಪತ್ತು, ಮೂವತ್ತೈದು, ನೂರೈವತ್ತು ಅವುಗಳ ಹಿಂದುಮುಂದಿನ ಯಾವ ಪುಟದಲ್ಲೂ ಇರಲಿಲ್ಲ. ಆ ಸಂಖ್ಯೆಗಳು ಯಾರವೂ ಆಗಿರಲಿಲ್ಲ.

*

ಅವತ್ತೇ ಮಧ್ಯಾಹ್ನ ಗೇಟಿನ ಕ್ಯಾಬಿನ್‌ಗೆ ಅಂಟಿಸಿದ್ದ ಮುದ್ರೆಯ ಕಾಗದವನ್ನು ಕಮ್ಯೂನ್ ಎಂಬ ಊರಾಡಳಿತದ ಕಚೇರಿಯ ಕಾವಲುಗಾರ ಬಿಡಿಸಿ, "ಅರ್ಧ ಗಂಟೆ ಅಷ್ಟೇ ಅಕ್ಕಾ," ಎಂದು ಹೊರಗೆ ಬೀಡಿ ಹಚ್ಚಿ ಕೂತ.

ಒಳಗೆ ಒಂದು ಕುರ್ಚಿ. ಒಂದು ಲೋಟ. ಗೋಡೆಗೆ ಒಂದು ಮೊಳೆ, ಮೊಳೆಗೆ ಒಂದು ಟೊಪ್ಪಿ. ಇನ್ನೊಬ್ಬರು ಬಂದರೆ ಕೂರಲು ಏನೂ ಇರಲಿಲ್ಲ. ಮಿಯೆನ್ ಥೀನ್‌ನ ಕುರ್ಚಿಯಲ್ಲೇ ಕೂತಳು. ಕಿಟಕಿಯಿಂದ ನಾಲ್ಕು ಗೇಟುಗಳೂ ಕಾಣುತ್ತಿದ್ದವು, ಅವುಗಳಾಚೆ ಒಣಗಿ ಬಿಳಿಚಿದ ಹಳೇ ಹೊಳೆಯ ಮರಳು. ಅವನು ಅವತ್ತು ಇಲ್ಲಿಂದಲೇ ಎಲ್ಲವನ್ನೂ ನೋಡಿದ್ದ. ಪರದೆಯ ಮೇಲೆ ನೂರೈವತ್ತು ಕಂಡ ಕೂಡಲೇ ಮುಚ್ಚುವ ಗುಂಡಿ ಒತ್ತಿದ್ದ. ಎದ್ದ ಗೇಟು ಇಳಿಯಲು ನಾಲ್ಕು ನಿಮಿಷ ಹಿಡಿದಿತ್ತು.

ಅವಳು ತನ್ನ ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಜೋಡಿಸಿದಳು.

ಮನುಷ್ಯ ಬರೆದ ಕೋಡ್ ಹಾಗೆಯೇ ಓಡುವುದಿಲ್ಲ. ಕಂಪೈಲರ್ ಅದನ್ನು ಓದಿ, ಒಪ್ಪಿ, ಯಂತ್ರದ ಭಾಷೆಗೆ ಇಳಿಸುತ್ತದೆ. ಓಡುವುದು ಅದು. ಅದೇ ಕೋಡ್, ಅದೇ ಕಂಪೈಲರ್ ಆದರೆ ಹೊರಬರುವ ಕಡತವೂ ಅದೇ. ಅದರಿಂದ ಲೆಕ್ಕಹಾಕಿ ತೆಗೆಯುವ ಅರವತ್ತನಾಲ್ಕು ಅಕ್ಷರದ ಗುರುತೂ ಅದೇ. ಸಮಿತಿಯವರು ಕಾಗದದ ಮೇಲಿನ ಕೋಡ್ ನೋಡಿ ತೃಪ್ತರಾಗಿದ್ದರು. ಪೆಟ್ಟಿಗೆಯಲ್ಲಿ ಓಡುತ್ತಿದ್ದದ್ದನ್ನು ಯಾರೂ ಕೇಳಿರಲಿಲ್ಲ.

ಪೆಟ್ಟಿಗೆಯ ಪ್ರೋಗ್ರಾಂನ ಗುರುತು ತೆಗೆದಳು. ಸಮಿತಿಗೆ ಕೊಟ್ಟಿದ್ದ ಕೋಡನ್ನು ಕಂಪೈಲ್ ಮಾಡಿ ಅದರ ಗುರುತೂ ತೆಗೆದಳು. ಎರಡನ್ನೂ ಒಂದರ ಕೆಳಗೊಂದು ಇಟ್ಟಳು.

ಮೊದಲ ಅಕ್ಷರವೇ ಬೇರೆ.

ಕಂಪೈಲರ್‌ನ ಆವೃತ್ತಿ ನೋಡಿದಳು. ಅದೇ. ಮತ್ತೆ ಮಾಡಿದಳು. ಮತ್ತೆ ಬೇರೆ. ಮೂರನೇ ಸಲವೂ ಬೇರೆ. ಆಮೇಲೆ ಪೆಟ್ಟಿಗೆಯ ಯಂತ್ರಭಾಷೆಯನ್ನೇ ಬಿಡಿಸಿ, ಗೇಟಿನ ಆದೇಶ ಬರೆಯುವ ಜಾಗಕ್ಕೆ ಹೋದಳು. ಲಾಕ್ ಹಿಡಿಯುವ ಸೂಚನೆ ಇರಬೇಕಾದಲ್ಲಿ ಏನೂ ಇರಲಿಲ್ಲ. ಗೇಟಿನ ಸಂಖ್ಯೆ, ಎತ್ತರ, ಬರಿಗೈಲಿ ಎರಡು ಬರಹ.

"ಆಯ್ತಾ ಅಕ್ಕಾ?"

"ಆಯ್ತು. ಕರೆಂಟ್ ಮಾತ್ರ ತೆಗೀಬೇಡಪ್ಪ. ತೆಗೆದ್ರೆ ಮೆಮೊರಿಯಲ್ಲಿರೋದೆಲ್ಲ ಹೋಗುತ್ತೆ. ಮುದ್ರೆ ಹಾಕು."

ಕಾವಲುಗಾರ ಹೊಸ ಕಾಗದ ಅಂಟಿಸಿ, ಅದರ ಮೇಲೆ ಹೆಬ್ಬೆರಳಿಂದ ನೀಟಾಗಿ ಉಜ್ಜಿದ.

*

ಮರುದಿನ ಮಧ್ಯಾಹ್ನ ಕ್ವಿ ನ್ಯೋನ್‌ನ ಕಡಲ ಬೀದಿಯಲ್ಲಿ ಮೀನಿನ ವಡೆ ಹಾಕಿದ ಶಾವಿಗೆ ತಿನ್ನಲು ಕೂತಾಗ, ಅಂಗಡಿಯವಳು ಎಂದಿನಂತೆ ಕೇಳಿದಳು, "ಎಷ್ಟು ಜನ?"

"ಒಬ್ಬಳೇ."

ಎಂಟು ವರ್ಷದಿಂದ ಅದೇ ಅಂಗಡಿ, ಅದೇ ಪ್ರಶ್ನೆ. ಇಷ್ಟು ದೊಡ್ಡ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಂದು ಸಂಜೆ, ಒಂದು ಬೆಳಗು ಕಳೆದಿದ್ದಳು. ಹೇಳಿಕೊಳ್ಳಬೇಕೆನಿಸಿದಾಗ ಫೋನಿನಲ್ಲಿ ಹೆಸರುಗಳನ್ನು ಮೇಲಿಂದ ಕೆಳಕ್ಕೆ ಸರಿಸುತ್ತ ಹೋಗಿದ್ದಳು. ಒಂದು ಹೆಸರಿನ ಮೇಲೆ ಬೆರಳು ನಿಂತಿತ್ತು. ಅದು ಈಗ ಭೇಟಿಯಾಗಬೇಕಾದವನದೇ ಹೆಸರು.

ಕಂಪನಿಯ ಹಿಂಬದಿಯ ಕಾಫಿ ಅಂಗಡಿಯಲ್ಲಿ ಖೋಯ್ ಮೊದಲೇ ಬಂದು ಕೂತಿದ್ದ. ಹತ್ತು ವರ್ಷದ ಹಿಂದೆ ಇದೇ ಕಂಪನಿಯಲ್ಲಿ ಅವಳ ಕೈಕೆಳಗೆ ಕೆಲಸ ಕಲಿತವನು, ಈಗ ಮೂವತ್ತಾರು. ಗೇಟಿನ ಪ್ರೋಗ್ರಾಂ ಬರೆದವನು ಅವನೇ. ಅವಳನ್ನು ಕಂಡು ಎದ್ದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಟ್ಟ.

"ಊಟ ಆಯ್ತಾ ಅಕ್ಕಾ?"

"ಆಯ್ತು. ನಿಂದು?"

"ಹಸಿವಿಲ್ಲ." ಎರಡು ಕಾಫಿ ಹೇಳಿದ. "ನಿಮ್ಗೆ ಹಾಲು ಕಮ್ಮಿ ಅಲ್ವಾ. ನೆನಪಿದೆ."

ಲೋಟದ ಮೇಲೆ ಕೂರಿಸಿದ ಸೋಸುವ ಬಟ್ಟಲಿಂದ ಕಾಫಿ ತೊಟ್ಟಿಕ್ಕುತ್ತಿತ್ತು. ಮಿಯೆನ್ ಎರಡು ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

"ಇದು ನೀನು ಸಮಿತಿಗೆ ಕೊಟ್ಟ ಕೋಡ್‌ನ ಗುರುತು. ಇದು ಅಲ್ಲಿ ಓಡ್ತಿರೋದ್ರದ್ದು."

ಅವನು ನೋಡಿದ. ಮುಖ ಬದಲಾಗಲಿಲ್ಲ. "ಕಂಪೈಲರ್ ಆವೃತ್ತಿ ಬೇರೆ ಇರ್ಬೋದು."

"ಅದೇ ಇದೆ."

"ಯಂತ್ರ ಬೇರೆ ಆದಾಗ ಒಂದೊಂದ್ಸಲ—"

"ಖೋಯ್."

ಅವನು ಮಾತು ನಿಲ್ಲಿಸಿದ. ಬೀದಿಯಲ್ಲಿ ಲಾಟರಿ ಮಾರುವ ಮುದುಕಿ ಅವರ ಮೇಜಿನ ಹತ್ತಿರ ಬಂದು, ಇಬ್ಬರ ಮುಖವನ್ನೂ ನೋಡಿ, ಕೇಳದೆಯೇ ಮುಂದೆ ಹೋದಳು.

"ಲಾಕ್ ಯಾವಾಗ ತೆಗ್ದೆ?"

"ಫೆಬ್ರವರಿ."

"ಕಂಪೈಲರ್ ಬಿಡ್ತಾ?"

"ಬಿಡ್ಲಿಲ್ಲ. ನಿಮ್ಗೆ ಗೊತ್ತಲ್ಲ ಅದು."

ಗೊತ್ತಿತ್ತು. ಆ ಭಾಷೆಯನ್ನು ಅವಳು ಇಷ್ಟಪಟ್ಟಿದ್ದೇ ಅದಕ್ಕೆ. ಎರಡು ಥ್ರೆಡ್‌ಗಳು ಒಂದೇ ವಸ್ತುವನ್ನು ಹಂಚಿಕೊಳ್ಳುತ್ತವೆ, ಒಂದು ಅದನ್ನು ಬದಲಿಸುತ್ತದೆ ಎಂದಾದರೆ, ಲಾಕ್ ತೋರಿಸುವ ತನಕ ಆ ಕಂಪೈಲರ್ ಕದಲುವುದಿಲ್ಲ. ಬೈದರೂ ಬೇಡಿದರೂ ಅಷ್ಟೇ. ಅದನ್ನು ದಾಟಲು ಇರುವುದು ಒಂದೇ ಪದ: ಅನ್‌ಸೇಫ್. ನಾನು ನೋಡಿದ್ದೇನೆ, ಏನಾದರೂ ಆದರೆ ನಾನು ಹೊಣೆ ಎಂದು ಬರೆದುಕೊಟ್ಟ ಹಾಗೆ.

"ಅನ್‌ಸೇಫ್ ಅಂತ ಬರ್ದೆ," ಎಂದ ಖೋಯ್.

"ಅದ್ರ ಮೇಲೆ ಕಾರಣ ಬರಿಯೋಕೆ ಹೇಳ್ಕೊಟ್ಟಿದ್ದೆ ನಿಂಗೆ. ಮೊದಲ್ನೇ ವಾರದಲ್ಲೇ."

"ಬರ್ದಿದ್ದೆ."

"ಏನಂತ?"

ಅವನು ಲೋಟವನ್ನು ನೋಡುತ್ತ ಹೇಳಿದ. "'ಇದನ್ನು ಬದಲಿಸುವುದು ಕ್ಯಾಬಿನ್‌ನ ಗುಂಡಿ ಪ್ಯಾನೆಲ್‌ನ ಥ್ರೆಡ್ ಒಂದೇ. ಪರೀಕ್ಷಿಸಿದ್ದೇನೆ.'"

"ಯಾಕೆ ತೆಗ್ದೆ ಅದನ್ನ?"

"ಪರದೆ ನಿಂತುಬಿಡ್ತಿತ್ತು ಅಕ್ಕಾ. ಆ ಅಣ್ಣ ಗುಂಡಿ ಒತ್ತಿದ್ರೂ ಗೇಟು ಅಲ್ಲಾಡ್ತಿರ್ಲಿಲ್ಲ, ಒಂದ್ಸಲ ಹತ್ತು ಸೆಕೆಂಡು, ಒಂದ್ಸಲ ಅರ್ಧ ನಿಮಿಷ. ಮಳೆಗಾಲದಲ್ಲಿ ಹಂಗಾದ್ರೆ ಏನ್ಗತಿ? ಒಂದು ಥ್ರೆಡ್ ಲಾಕ್ ಹಿಡ್ಕೊಂಡು ನೆಟ್‌ವರ್ಕ್‌ಗೆ ಕಾಯ್ತಿತ್ತು, ಇನ್ನೊಂದು ಆ ಲಾಕ್‌ಗೆ ಕಾಯ್ತಿತ್ತು. ಬಿಡಿಸೋಕೆ ನಂಗೆ ಎರಡು ವಾರ ಬೇಕಿತ್ತು. ಮೂರು ದಿನ ಕೊಟ್ರು."

ಮಿಯೆನ್ ಚಮಚವನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾವುದಕ್ಕೆ ಕಾಯ್ತಿತ್ತು ಅಂದೆ?"

ಖೋಯ್ ತಲೆ ಎತ್ತಿದ.

"ನೆಟ್‌ವರ್ಕ್ ಅಂದೆ ನೀನು. ಆ ಪೆಟ್ಟಿಗೆಗೆ ಹೊರಗಿನ ಸಂಪರ್ಕ ಇಲ್ಲ. ಸಮಿತಿಗೆ ಕೊಟ್ಟ ಕಾಗದದಲ್ಲಿ ಹಂಗೇ ಇದೆ, ನಕ್ಷೆಯಲ್ಲೂ ಹಂಗೇ ಇದೆ. ಪ್ಯಾನೆಲ್ ಒಂದೇ ಬರಿಯೋದು ಅಂತ ನೀನೇ ಕೋಡ್ ಮೇಲೆ ಬರ್ದಿದ್ದೀಯ. ನೆಟ್‌ವರ್ಕ್‌ಗೆ ಕಾಯೋ ಥ್ರೆಡ್ ಎಲ್ಲಿಂದ ಬಂತು?"

ಕಾಫಿ ತೊಟ್ಟಿಕ್ಕುವುದು ನಿಂತಿತ್ತು.

"ಸುಳ್ಳು ಹೇಳ್ಬೇಡ. ನಿಂಗೆ ಬರಲ್ಲ ಅದು. ಮೊದ್ಲಿಂದ್ಲೂ ಬರಲ್ಲ."

"ಇನ್ನೊಂದು ದಾರಿ ಇದೆ ಅಕ್ಕಾ," ಎಂದ ಅವನು, ತುಂಬ ಸಣ್ಣ ದನಿಯಲ್ಲಿ. "ಕಳೆದ ವರ್ಷ ಮಾಡ್ದೆ. ದೂರದಿಂದ ಗೇಟಿಗೆ ಆದೇಶ ಕಳಿಸೋಕೆ. ಕ್ಯಾಬಿನ್‌ನಲ್ಲಿರೋರಿಗೆ ಗೊತ್ತಾಗ್ಬಾರ್ದು ಅಂದ್ರು. ಲಾಗ್‌ನಲ್ಲೂ ಅದು ಬರ್ಬಾರ್ದು, ಪ್ಯಾನೆಲ್‌ದು ಮಾತ್ರ ಬರ್ಬೇಕು ಅಂದ್ರು."

ಮೂರು ದಿನದಿಂದ ಎಲ್ಲೂ ಕೂರದಿದ್ದ ಮೂರು ಸಂಖ್ಯೆಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಹೋಗಿ ಕೂತವು.

"ಹಂಗಾದ್ರೆ ಅದು ಹಳೇ ಸಂಖ್ಯೆ ಅಲ್ಲ," ಎಂದಳು, ಅವನಿಗಿಂತ ಹೆಚ್ಚಾಗಿ ತನಗೇ. "ಬರೀತಿದ್ದೋರೇ ಇಬ್ರು. ಲಾಯ್ ಸತ್ತ ದಿನ ಆ ಇನ್ನೊಬ್ಬರು ಬೇರೆ ಯಾವುದೋ ಗೇಟಿಗೆ ನೂರೈವತ್ತು ಅಂತ ಕಳಿಸಿದ್ರು. ಅದೇ ಗಳಿಗೇಲಿ ಥೀನ್ ಅಣ್ಣ ನಾಲ್ಕನೇ ಗೇಟಿಗೆ ಹದಿನೈದು ಒತ್ತಿದ. ಎರಡು ಥ್ರೆಡ್ಡೂ ಒಂದೇ ಜಾಗದಲ್ಲಿ ಬರೆದ್ವು. ಲಾಕ್ ಇಲ್ಲ. ಗೇಟಿನ ಸಂಖ್ಯೆ ಇವನದು ಉಳೀತು, ಎತ್ತರ ಅವರದು ಉಳೀತು."

"ಸೆಕೆಂಡಿನ ಲಕ್ಷದಲ್ಲೊಂದು ಪಾಲು ಅಕ್ಕಾ ಅದು. ನಾನು ಹತ್ತು ಸಾವಿರ ಸಲ ಓಡಿಸಿ ನೋಡ್ದೆ. ಒಂದ್ಸಲಾನೂ ಬರ್ಲಿಲ್ಲ."

"ಅಲ್ಲಿ ಮೂರು ಸಲ ಬಂತು."

ಖೋಯ್ ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡ.

ಅವಳ ಕಣ್ಣ ಮುಂದೆ ಆ ಕ್ಯಾಬಿನ್ ಬಂದು ನಿಂತಿತು. ಹನ್ನೊಂದು ತಿಂಗಳು ಅಲ್ಲಿ ಕೂತು, ಯಾರೂ ಬರಲಿಲ್ಲ ಎಂದು ಬರೆದುಕೊಂಡ ಮನುಷ್ಯ. ಅಷ್ಟು ದಿನವೂ ಅವನ ಗೇಟುಗಳ ಮೇಲೆ ಇನ್ನೊಂದು ಕೈ ಇತ್ತು. ಒಂದು ಮಾತು ಆಡದ, ಒಂದು ಸಲ ಮುಖ ತೋರಿಸದ ಕೈ. ಅದು ತಪ್ಪಿದಾಗ ಅವನು ತನ್ನ ಕೈಯನ್ನೇ ಅನುಮಾನಿಸಿದ್ದ.

"ಯಾರು ಅದು?"

"ಗೊತ್ತಿಲ್ಲ. ಸತ್ಯವಾಗ್ಲೂ. ಕಂಪನೀಲಿ ಎಲ್ರೂ ಬಳಸೋ ಇಮೇಲ್‌ನಿಂದ ಬಂತು. ಆ ದಾರಿ ಒಳಗೆ ಹೋಗೋಕೆ ಒಂದು ಕೀಲಿ ಮಾಡು, ಹೆಸರು ಹಾಕ್ಬೇಡ ಅಂತಿತ್ತು. ಒಂದೇ ಕೀಲಿ ಮಾಡ್ದೆ. ಲಕೋಟೇಲಿ ಹಾಕಿ ಮೇಲಿನ ಮಹಡೀಲಿ ಇಟ್ಟು ಬಂದೆ."

"ಯಾರಿಗೆ ಅಂತ ಕೇಳ್ಲಿಲ್ಲ."

"ಕೇಳ್ಲಿಲ್ಲ."

"ಆ ಹೆಂಗಸು ಸತ್ತ ಮೇಲೆ?"

"ಸತ್ತ ಮೇಲೆ..." ಅವನು ಲೋಟ ಪಕ್ಕಕ್ಕೆ ಸರಿಸಿದ. "ಟಿವೀಲಿ ಆ ಅಣ್ಣನ ಮುಖ ಬಂತು. ಅವ್ರು ಏನೂ ಮಾತಾಡ್ತಿರ್ಲಿಲ್ಲ, ಸುಮ್ನೆ ನಿಂತಿದ್ರು. ನಾನು ಟಿವಿ ಆರಿಸ್ದೆ. ಒಬ್ನೇ ಕೂತು ಲಾಕ್ ವಾಪಸ್ ಹಾಕ್ದೆ, ಆ ದಾರಿ ಅಳಿಸ್ದೆ, ಕೋಡ್ ಶುದ್ಧ ಮಾಡ್ದೆ. ಅದನ್ನ ಸಮಿತಿಗೆ ಕೊಟ್ರು, ಪೆಟ್ಟಿಗೇಲಿರೋದು ಹಳೇದೇ. ಯಾರಿಗೂ ಹೇಳೋಕೆ ಆಗ್ಲಿಲ್ಲ ಅಕ್ಕಾ. ಒಂದ್ಸಲ ನಿಮ್ಮ ನಂಬರ್ ತೆಗೆದಿದ್ದೆ."

"ಮಾಡ್ಬೇಕಿತ್ತು."

"ಒಂಬತ್ತು ವರ್ಷ ಆಗಿತ್ತು ಮಾತಾಡಿ."

ಕಂಪನಿ ಬಿಟ್ಟು ಹೊರಟ ದಿನ ಅವಳು ಯಾರಿಗೂ ಹೇಳಿ ಹೊರಟಿರಲಿಲ್ಲ, ಇವನಿಗೂ.

"ಸೋಮವಾರ ಅವನನ್ನ ಕರ್ಕೊಂಡು ಹೋಗ್ತಾರೆ, ಗೊತ್ತಲ್ಲ?"

"ಗೊತ್ತು."

"ಈಗ ಹೇಳಿದ್ದನ್ನೆಲ್ಲ ಬರ್ದು ಕೊಡ್ತೀಯಾ?"

ಅವನು ಎರಡೂ ಚೀಟಿಗಳನ್ನು ಅವಳ ಕಡೆ ಸರಿಸಿದ. ಆಮೇಲೆ ಕೈ ಚಾಚಿದ. ಮಿಯೆನ್ ಚೀಲದಿಂದ ಹಾಳೆ, ಪೆನ್ನು ತೆಗೆದುಕೊಟ್ಟಳು. ಅವನು ಮೇಲೆ ತಾರೀಕು ಬರೆದ, ತನ್ನ ಪೂರ್ತಿ ಹೆಸರು ಬರೆದ.

ಅವಳ ಫೋನು ಬಡಿದುಕೊಂಡಿತು. ಥೀನ್. ಅವನು ಇದುವರೆಗೆ ತಾನಾಗಿ ಒಮ್ಮೆಯೂ ಕರೆ ಮಾಡಿದವನಲ್ಲ.

"ತಂಗೀ, ನೀನು ಕ್ಯಾಬಿನ್‌ನಲ್ಲಿದ್ದೀಯಾ?"

"ಇಲ್ಲ ಅಣ್ಣ, ಪಟ್ಟಣದಲ್ಲಿದ್ದೀನಿ. ಯಾಕೆ?"

"ಮತ್ತೆ ಅಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ. ಬಾಗಿಲಿಗೆ ಮುದ್ರೆ ಹಾಕಿದೆ."

"ನಾಲ್ಕನೇದು ಏಳ್ತಾ ಇದೆ," ಎಂದ ಥೀನ್.

ಮಿಯೆನ್ ಎದ್ದು ನಿಂತಳು. "ಸರಿಯಾಗಿ ನೋಡಿ ಅಣ್ಣ."

"ನೋಡೋದೇನು, ಸರಪಳಿ ಸದ್ದು ಕೇಳ್ತಿದೆ. ಅದು ನಂಗೆ ನಿದ್ದೇಲೂ ಗೊತ್ತು. ಈಗ ಒಂದು ಗೇಣು ಎದ್ದಿದೆ. ನಿಲ್ತಿಲ್ಲ."

"ಸೈರನ್?"

"ಇಲ್ಲ. ಅದನ್ನ ಕ್ಯಾಬಿನ್‌ನಿಂದ ಕೈಯಲ್ಲೇ ಒತ್ಬೇಕು."

"ಕೆಳಗೆ ಯಾರಾದ್ರೂ ಇದ್ದಾರಾ?"

"ಲಾಯ್ ಮಗಳು ಸೆನ್ ಇದ್ದಾಳೆ. ಇವತ್ತು ಹದಿನಾಲ್ಕನೇ ದಿನ ಅಲ್ವಾ, ಅವಳಮ್ಮ ಹೋದ ಜಾಗದಲ್ಲೇ ಎಡೆ ಇಟ್ಟಿದ್ದಾರೆ. ಊರೋರೆಲ್ಲ ಅಲ್ಲೇ ಮರಳಲ್ಲಿ ಕೂತವ್ರೆ. ಇಪ್ಪತ್ತು ಜನ ಆಗ್ಬೋದು. ಊದುಬತ್ತಿ ಹೊಗೆ ಕಾಣ್ತಿದೆ ಇಲ್ಲಿಂದ."

"ಅವ್ರಿಗೆ ಫೋನ್ ಮಾಡಿ ಅಣ್ಣ, ಈಗ್ಲೇ."

"ನನ್ನ ಫೋನ್ ಅವ್ರು ಯಾರೂ ಎತ್ತಲ್ಲ ತಂಗೀ."

ಅಷ್ಟು ಹೇಳಿ ಅವನು ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಕಡಿಯಲಿಲ್ಲ. ಚಪ್ಪಲಿಯ ಸದ್ದು, ಬೇಲಿಯ ಬಾಗಿಲು ಬಡಿದ ಸದ್ದು. ಆಮೇಲೆ ದೂರದಿಂದ, ಇಳಿಜಾರಿನಲ್ಲಿ ಓಡುತ್ತ ಕೂಗುವ ಮುದುಕನ ದನಿ. ಅವನು ಓಡಿ ಅಂತ ಕೂಗುತ್ತಿರಲಿಲ್ಲ. ಹೆಸರುಗಳನ್ನು ಕೂಗುತ್ತಿದ್ದ, ಒಬ್ಬೊಬ್ಬರದಾಗಿ, ಸೆನ್‌ಳಿಂದ ಶುರುಮಾಡಿ. ಅದರ ಹಿಂದೆ, ಫೋನಿನ ಆಳದಲ್ಲಿ, ಕಬ್ಬಿಣದ ಸರಪಳಿ ಒಂದೇ ಸಮನೆ ಸುತ್ತಿಕೊಳ್ಳುತ್ತಿತ್ತು.

ಮಿಯೆನ್ ಈ ಕಡೆ ತಿರುಗಿದಾಗ ಖೋಯ್ ಹಾಳೆ ಸರಿಸಿ ಲ್ಯಾಪ್‌ಟಾಪ್ ತೆರೆದಿದ್ದ. ಕಪ್ಪು ಪರದೆಯ ಮೇಲೆ ಎರಡು ಖಾಲಿ ಜಾಗ: ಗೇಟು, ಎತ್ತರ. ಅವನು ಮೊದಲನೆಯದರಲ್ಲಿ ನಾಲ್ಕು ಎಂದು ಬರೆದ, ಎರಡನೆಯದರಲ್ಲಿ ಸೊನ್ನೆ.

"ಮುಚ್ಚೋಕೆ ಕಳಿಸ್ತೀನಿ," ಎಂದ. "ಆದ್ರೆ ಅವ್ರೂ ಈಗ ಆ ಕಡೆಯಿಂದ ಬರೀತಿದ್ದಾರೆ ಅಕ್ಕಾ. ಅಲ್ಲಿ ಲಾಕ್ ಇಲ್ಲ. ನಂದೂ ಅವ್ರದ್ದೂ ಒಟ್ಟಿಗೆ ಬಿದ್ರೆ ಯಾವ ಗೇಟು, ಎಷ್ಟು, ನಂಗೆ ಗೊತ್ತಿಲ್ಲ. ಒತ್ಲಾ?"

ಅವಳು ಪರದೆಯನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ಒಂದೇ ಕೀಲಿ ಮಾಡ್ದೆ ಅಂದ್ಯಲ್ಲೋ. ಅದನ್ನ ಲಕೋಟೇಲಿ ಹಾಕಿ ಇಟ್ಟು ಬಂದೆ ಅಂದೆ. ಮತ್ತೆ ನೀನು ಒಳಗೆ ಹೆಂಗೆ ಹೋದೆ?"

ಖೋಯ್ ತಲೆ ಎತ್ತಲಿಲ್ಲ.

"ಒತ್ಲಾ, ಬೇಡ್ವಾ, ಅದನ್ನ ಹೇಳಿ ಅಕ್ಕಾ," ಎಂದ. "ಮಿಕ್ಕಿದ್ದು ಆಮೇಲೆ ಕೇಳಿ."